ವಿಷಜೇಡಗಳಿರುವ ಮನೆಯಲ್ಲಿ ಚಿಕ್ಕ ಮಗುವನ್ನು ಇಟ್ಟುಕೊಂಡು ಇರಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಈ ಬಾಡಿಗೆ ಮನೆಗೆ ಬಂದು ನಾಲ್ಕು ತಿಂಗಳಾಯಿತು. ಕಳೆದ ವಾರ ರಾತ್ರಿ ಸ್ನಾನದ ತೊಟ್ಟಿಯಲ್ಲಿ ಕಂದು ಬಣ್ಣದ ಜೇಡವೊಂದು ನುಣುಪಾದ ಗೋಡೆಯನ್ನು ಏರಲಾಗದೆ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ಗಾಜಿನ ಲೋಟದಲ್ಲಿ ಹಿಡಿದು ಕೀಟ ನಿಯಂತ್ರಣದವರಿಗೆ ತೋರಿಸಿದಾಗ, ಅದು ಬ್ರೌನ್ ರೆಕ್ಲೂಸ್ ಎಂಬ ವಿಷಜೇಡ ಎಂದು ಹೇಳಿದರು. ಅನಂತರ ಗೋಡೆಯಂಚಿನಲ್ಲಿ ಇಟ್ಟ ಅಂಟುಹಾಳೆಗಳಿಗೆ ಐದೇ ದಿನಗಳಲ್ಲಿ ಏಳು ಜೇಡಗಳು ಅಂಟಿಕೊಂಡಿವೆ. ಮಗಳಿಗೆ ಈಗ 14 ತಿಂಗಳು, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುವ ವಯಸ್ಸು. ಮನೆ ಬದಲಾಯಿಸುವುದೇ ಲೇಸು ಎಂದು ನನ್ನ ಯಜಮಾನರು ಹೇಳುತ್ತಿದ್ದಾರೆ. ಇಂಥ ಮನೆಯಲ್ಲಿ ಬಾಳಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಇದೇ ಜೇಡವಿರುವ ಮನೆಯಲ್ಲಿ ನಾವು ಹನ್ನೊಂದು ವರ್ಷಗಳಿಂದ ಇದ್ದೇವೆ. ಇದುವರೆಗೆ ಯಾರಿಗೂ ಕಚ್ಚಿಲ್ಲ. ಗುರುತನ್ನು ನೀವೂ ಒಮ್ಮೆ ಖಚಿತಪಡಿಸಿಕೊಳ್ಳಿ. ಬೆನ್ನಿನ ಮೇಲಿನ ಪಿಟೀಲಿನಾಕಾರದ ಮಚ್ಚೆಯನ್ನಷ್ಟೇ ನಂಬಬಾರದು, ಏಕೆಂದರೆ ಮರಿಗಳಲ್ಲಿ ಅದು ಮಸುಕಾಗಿರುತ್ತದೆ ಮತ್ತು ನಿರಪಾಯದ ಎಷ್ಟೋ ಜೇಡಗಳ ಮೈಮೇಲೂ ಅಂಥದೇ ಗುರುತು ಇರುತ್ತದೆ. ಭೂತಗನ್ನಡಿ ಹಿಡಿದು ಕಣ್ಣುಗಳನ್ನು ಎಣಿಸಿ: ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣುಗಳಿದ್ದರೆ, ಇದಕ್ಕೆ ಎರಡೆರಡರಂತೆ ಮೂರು ಜೋಡಿ, ಒಟ್ಟು ಆರೇ ಕಣ್ಣುಗಳು. ಕಾಲುಗಳ ಮೇಲೆ ಪಟ್ಟೆಗಳಾಗಲಿ ಮುಳ್ಳುಗಳಾಗಲಿ ಇರುವುದಿಲ್ಲ.

ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಮನೆಯಲ್ಲಿ 2001ರಲ್ಲಿ ಸುಮಾರು ಆರು ತಿಂಗಳ ಅವಧಿಯಲ್ಲಿ 2,055 ಬ್ರೌನ್ ರೆಕ್ಲೂಸ್ ಜೇಡಗಳನ್ನು ಹಿಡಿಯಲಾಯಿತು. ಅಲ್ಲಿ ಹಲವು ವರ್ಷಗಳಿಂದ ವಾಸವಾಗಿದ್ದ ನಾಲ್ವರ ಕುಟುಂಬದಲ್ಲಿ ಒಬ್ಬರಿಗೂ ವಿಷಬಾಧೆ ಆಗಿರಲಿಲ್ಲ. ಈ ಜೇಡ ಮನುಷ್ಯರ ಮೇಲೆ ಎರಗುವುದಿಲ್ಲ. ಬಟ್ಟೆ ಮತ್ತು ಚರ್ಮದ ನಡುವೆ ಸಿಕ್ಕಿ ಅದುಮಿದಾಗ ಮಾತ್ರ ಕಚ್ಚುತ್ತದೆ.

ಎರಡನೆಯ ಉತ್ತರ

ಮೇಲಿನವರ ಮಾತು ಸರಿಯಾದರೂ, ಆ ಅಂಕಿಯನ್ನು ಓದಿ ಚಿಕ್ಕ ಮಗುವಿರುವವರು ನಿಶ್ಚಿಂತರಾಗುವುದನ್ನು ನಾನು ಒಪ್ಪಲಾರೆ. ಜೇಡ ಎಲ್ಲಿ ಅದುಮಲ್ಪಡುತ್ತದೆಯೋ ಆ ಜಾಗಗಳನ್ನು ಒಂದೊಂದಾಗಿ ಇಲ್ಲವಾಗಿಸಬೇಕು. ಮಗುವಿನ ಮಂಚವನ್ನು ಗೋಡೆಯಿಂದ ಒಂದಡಿ ದೂರ ಸರಿಸಿ, ಹೊದಿಕೆಯ ಅಂಚು ನೆಲಕ್ಕೆ ತಾಗದಂತೆ ನೋಡಿಕೊಳ್ಳಿ. ನೆಲದ ಮೇಲೆ ಬಿದ್ದ ಬಟ್ಟೆಯನ್ನು ಕೊಡವದೆ ತೊಡಿಸಬೇಡಿ. ಒಮ್ಮೆ ನಾನು ಕಪಾಟಿನ ತಳದಲ್ಲಿ ತಿಂಗಳುಗಟ್ಟಲೆ ಇದ್ದ ಸ್ವೆಟರನ್ನು ಕೊಡವಿದಾಗ, ತೋಳಿನೊಳಗಿಂದ ಜೇಡವೊಂದು ಬಿದ್ದು, ಕ್ಷಣಕಾಲ ಕಾಲುಗಳನ್ನು ಚಪ್ಪಟೆಯಾಗಿ ಹರಡಿಕೊಂಡು ನಿಂತು, ಗೋಡೆಯಂಚಿಗೆ ಓಡಿಹೋಯಿತು. ಆ ತೋಳಿನೊಳಗೆ ನನ್ನ ಕೈ ಹೋಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಇಂದಿಗೂ ಬರುತ್ತದೆ.

ರಟ್ಟಿನ ಪೆಟ್ಟಿಗೆಗಳನ್ನು ಮೊದಲು ಹೊರಹಾಕಿ, ಸಾಮಾನುಗಳನ್ನು ಬಿಗಿಯಾದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳಲ್ಲಿಡಿ; ರಟ್ಟಿನ ಮಡಿಕೆಗಳು ಈ ಜೇಡಕ್ಕೆ ಹೇಳಿ ಮಾಡಿಸಿದ ಅಡಗುತಾಣ. ಮನೆಯಿಡೀ ಔಷಧ ಸಿಂಪಡಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಸಂದುಗಳ ಆಳದಲ್ಲಿರುವ ಜೇಡಗಳನ್ನು ಅದು ಮುಟ್ಟುವುದಿಲ್ಲ. ಅಂಟುಹಾಳೆಗಳನ್ನು ಮಾತ್ರ ಮಗುವಿನ ಕೈಗೆ ಸಿಗದಂತೆ ಇಡಿ.

ಮೂರನೆಯ ಉತ್ತರ

ನಾನು ವೈದ್ಯೆ. ಕಾರಣ ತಿಳಿಯದ ಹುಣ್ಣುಗಳನ್ನೆಲ್ಲ ಜೇಡದ ತಲೆಗೆ ಕಟ್ಟುವ ರೂಢಿ ಇದೆ, ಆದರೆ ಅವುಗಳಲ್ಲಿ ಅನೇಕವು ಬ್ಯಾಕ್ಟೀರಿಯಾ ಸೋಂಕುಗಳಾಗಿರುತ್ತವೆ ಮತ್ತು ಅವುಗಳಿಗೆ ಬೇರೆಯೇ ಚಿಕಿತ್ಸೆ ಬೇಕು. ಆದ್ದರಿಂದ ಕಚ್ಚಿದ ಜೇಡ ಸಿಕ್ಕರೆ, ಜಜ್ಜಿಹೋಗಿದ್ದರೂ ಸರಿ, ಅದನ್ನು ಡಬ್ಬಿಯಲ್ಲಿ ಹಾಕಿ ವೈದ್ಯರ ಬಳಿ ಒಯ್ಯಿರಿ. ಈ ಜೇಡದ ಕಡಿತ ಮೊದಲಿಗೆ ಅಷ್ಟಾಗಿ ನೋಯದೆ, ಕೆಲವು ಗಂಟೆಗಳ ಬಳಿಕ ಉರಿ ಮತ್ತು ನೋವು ಕಾಣಿಸಿಕೊಳ್ಳಬಹುದು. ಬಹುಪಾಲು ಕಡಿತಗಳು ತಾವಾಗಿಯೇ ವಾಸಿಯಾಗುತ್ತವೆ. ಕೆಲವರಲ್ಲಿ ಮಾತ್ರ ಅಲ್ಲಿನ ಚರ್ಮ ಕಪ್ಪಾಗಿ ಸಾಯುತ್ತದೆ. ಸೋಪು ಹಾಕಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಇಡಿ. ಕೊಯ್ಯುವುದು, ಹೀರುವುದು, ಬಿಸಿ ಶಾಖ ಕೊಡುವುದು ಬೇಡ. ಮಕ್ಕಳಿಗೆ ಕಚ್ಚಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ಜ್ವರ, ಮೈಮೇಲೆ ದದ್ದು ಅಥವಾ ಮೂತ್ರ ಕಂದು ಬಣ್ಣಕ್ಕೆ ತಿರುಗುವುದು ಕಂಡರೆ, ವಿಷ ರಕ್ತಕಣಗಳನ್ನು ಒಡೆಯುತ್ತಿರಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇವತ್ತು ಮಂಚವನ್ನು ಸರಿಸಿ, ಹದಿನೆಂಟು ರಟ್ಟಿನ ಪೆಟ್ಟಿಗೆಗಳನ್ನು ಹೊರಹಾಕಿದೆವು. ಸದ್ಯಕ್ಕೆ ಮನೆ ಬಿಡುವ ಮಾತನ್ನು ಮುಂದೂಡಿದ್ದೇವೆ. ಛಾವಣಿಯ ಮೂಲೆಗಳಲ್ಲಿ ಸಣಕಲು ಉದ್ದ ಕಾಲುಗಳ ಜೇಡಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಅವನ್ನೂ ಗುಡಿಸಿಹಾಕಬೇಕೇ?

ಮೊದಲ ಉತ್ತರ ನೀಡಿದವರು

ದಯವಿಟ್ಟು ಅವುಗಳನ್ನು ಇರಗೊಡಿ. ಅವು ನಿಮಗೆ ಏನೂ ಮಾಡುವುದಿಲ್ಲ, ಬೇರೆ ಜೇಡಗಳನ್ನು ಬಲೆಯ ಎಳೆಗಳಿಂದ ಸುತ್ತಿ ತಿನ್ನುತ್ತವೆ. ನಮ್ಮ ಉಗ್ರಾಣದ ಮೂಲೆಯಲ್ಲಿ ಅಂಥದೊಂದರ ಬಲೆಯ ಕೆಳಗೆ ಒಣಗಿ ಮುದುಡಿದ ರೆಕ್ಲೂಸ್ ಜೇಡಗಳು ಬಿದ್ದಿರುವುದನ್ನು ನಾನೇ ಎರಡು ಬಾರಿ ಕಂಡಿದ್ದೇನೆ.