ಮೆಮರಿ ಕಾರ್ಡ್ ಫಾರ್ಮ್ಯಾಟ್ ಹೊಡೆಯೋ ಮುಂಚೆ: ಕೇಳಿದ್ದು, ಹೇಳಿದ್ದು

ಪ್ರಶ್ನೆ, ಜಮಖಂಡಿಯಿಂದ:
ನಮಸ್ಕಾರ್ರೀ ಸರ್. ಫೋನಿನ್ಯಾಗ 32 ಜಿಬಿ ಕಾರ್ಡ್ ಐತಿ. ಎರಡು ದಿನದಿಂದ ಎಸ್‌ಡಿ ಕಾರ್ಡ್‌ನಾಗ ಸಮಸ್ಯೆ ಐತಿ, ಸರಿಪಡಿಸಾಕ ಒತ್ತು ಅಂತ ಮ್ಯಾಲ ಬರಾಕತ್ತೈತಿ. ಒತ್ತಿದ್ರ ಫಾರ್ಮ್ಯಾಟ್ ಕೇಳತೈತಿ. ಅಕ್ಕನ ಮದುವಿ ಫೋಟೋ ಎಲ್ಲಾ ಅದರಾಗ ಅದಾವ. ಫಾರ್ಮ್ಯಾಟ್ ಹೊಡದ್ರ ಸರಿ ಆಗತೈತೇನ್ರಿ?

ಉತ್ತರ, ಮೊಬೈಲ್ ರಿಪೇರಿ, ವಿಜಯಪುರ:
ಕಾರ್ಡ್ ಸರಿ ಆದೀತು, ಫೋಟೋ ಹೋಗ್ತಾವ. ಅಲ್ಲಿ 'ಸರಿಪಡಿಸು' ಅಂದ್ರ ಅಳಿಸಿ ಹೊಸದಾಗಿ ಮಾಡು ಅಂತನ ಅರ್ಥ, ಬ್ಯಾರೆ ರಿಪೇರಿ ಏನೂ ನಡಿಯಂಗಿಲ್ಲ. ಆ ನೋಟಿಫಿಕೇಶನ್ ಹಂಗ ಬಿಡ್ರಿ.

ಫೋನ್ ಸ್ವಿಚ್ ಆಫ್ ಮಾಡಿ ಟ್ರೇ ಹೊರಗ ತಗೀರಿ. ಕಾರ್ಡಿನ ಹಿಂದ ಬಂಗಾರ ಬಣ್ಣದ 8 ಪಟ್ಟಿ ಇರ್ತಾವ. ಅವುಗಳ ಮ್ಯಾಲ ಧೂಳು, ಬೆವರಿನ ಕಲೆ ಕುಂತ್ರ ಫೋನು ಒಮ್ಮೆ ಓದ್ತದ, ಒಮ್ಮೆ ಓದಂಗಿಲ್ಲ. ಓದೂದು ನಡುವ ಕಡದ್ರ ಕಾರ್ಡ್ ಕೆಟ್ಟದ ಅಂತ ತಿಳಕೋತದ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನ ಬಟ್ಟಿಯಿಂದ ಹಗೂರಕ ಒರಸ್ರಿ, ಪೂರ್ತಿ ಆರಲಿ. ಬ್ಲೇಡು, ಪಾಲಿಶ್ ಪೇಪರ್ ಹಚ್ಚಬ್ಯಾಡ್ರಿ, ಆ ಲೇಪ ಭಾಳ ತೆಳು. ಟ್ರೇದಾಗ ಕಾರ್ಡ್ ಸಮ ಕುಂತದೋ, ಮೂಲಿ ಎದ್ದದೋ ನೋಡ್ರಿ. ಸಿಮ್ ಮತ್ತು ಕಾರ್ಡ್ ಒಂದ ಟ್ರೇದಾಗ ಹಾಕೋ ಫೋನಿನ್ಯಾಗ ಟ್ರೇ ಬಾಗಿದ್ರೂ ಇದ ತೊಂದ್ರಿ ಬರ್ತದ.

ಆಮ್ಯಾಲ ಕಾರ್ಡನ್ನ ಯುಎಸ್‌ಬಿ ಕಾರ್ಡ್ ರೀಡರ್‌ನಾಗ ಹಾಕಿ ಕಂಪ್ಯೂಟರಿಗೆ ಚುಚ್ಚ್ರಿ. ಅಲ್ಲಿ ತೆರದ್ರ ದೋಷ ಫೋನಿನ ಸ್ಲಾಟಿನ್ಯಾಗ ಇರೋ ಸಾಧ್ಯತೆ ಹೆಚ್ಚು. ಮೊದಲ ಎಲ್ಲಾ ಕಾಪಿ ಮಾಡ್ಕೋರಿ. ವಿಂಡೋಸ್ ಸಹಿತ ಫಾರ್ಮ್ಯಾಟ್ ಮಾಡು ಅಂತ ಕೇಳಿದ್ರ ಕ್ಯಾನ್ಸಲ್ ಒತ್ರಿ.

ಉತ್ತರ, ಡೇಟಾ ರಿಕವರಿ ಕೆಲಸ, ಬೆಳಗಾವಿ:
ಇದಕ್ಕ ಸೇರಿಸತೇನಿ. ಆ ಹಂತದಾಗ ಮಂದಿ ಚೆಕ್‌ಡಿಸ್ಕ್ (ವಿಂಡೋಸಿನ್ಯಾಗಿನ ಡಿಸ್ಕ್ ತಪಾಸಣಿ ಕಮಾಂಡ್) ಓಡಸ್ತಾರ. ಫೋಟೋ ಬೇಕಾದವ್ರು ಅದನ್ನ ಮೊದಲ ಓಡಸಬಾರದು. ಅದು ಕಾರ್ಡಿನ ಮ್ಯಾಲನ ಬರೀತೈತಿ, ಕೊಂಡಿ ತಪ್ಪಿದ ಫೈಲನ್ನೆಲ್ಲಾ ತುಂಡು ತುಂಡು ಮಾಡಿ ಹೆಸರಿಲ್ಲದ ಫೈಲಿನಾಗ ತುಂಬತೈತಿ. ಮೊದಲ ಇಡೀ ಕಾರ್ಡಿನ ಇಮೇಜ್, ಅಂದ್ರ ಕಾರ್ಡ್ ಇದ್ದಂಗ ಒಂದ ಫೈಲಿನಾಗ ಪೂರಾ ನಕಲು, ತಗೋರಿ. ಆಮ್ಯಾಲ ಆ ಇಮೇಜಿನ ಮ್ಯಾಲ ಫೋಟೋರೆಕ್ ಅನ್ನೋ ರಿಕವರಿ ಸಾಫ್ಟ್‌ವೇರ್ ಓಡಸ್ರಿ, ಅದು ಪುಕ್ಕಟೆ. ಸಿಕ್ಕಿದ್ದನ್ನ ಕಂಪ್ಯೂಟರಿನ ಡಿಸ್ಕಿಗೆ ಉಳಿಸ್ರಿ, ತಿರಗಿ ಅದ ಕಾರ್ಡಿಗೆ ಅಲ್ಲ. ಫೈಲಿನ ಹಳೇ ಹೆಸರು, ಫೋಲ್ಡರ್ ಬರಂಗಿಲ್ಲ, ಫೋಟೋ ಅಷ್ಟ ಬರತಾವ.

ಕಂಪ್ಯೂಟರಿನ್ಯಾಗ ಕಾರ್ಡಿನ ಅಳತಿನ ಕಾಣದಿದ್ರ, ಇಲ್ಲಾ ಸೊನ್ನೆ ತೋರಿಸಿದ್ರ ಒಳಗಿನ ಕಂಟ್ರೋಲರ್ (ಕಾರ್ಡನ್ನ ನಡಸೋ ಚಿಪ್) ಸತ್ತೈತಿ ಅನ್ಕೋರಿ. ಅದಕ್ಕ ಯಾವ ಸಾಫ್ಟ್‌ವೇರೂ ನಡಿಯಂಗಿಲ್ಲ. ಚಿಪ್ಪಿಗೆ ನೇರ ತಂತಿ ಹಚ್ಚಿ ಓದೋ ಲ್ಯಾಬ್ ಬೇಕು, ಖರ್ಚು ಕಾರ್ಡಿನ ಬೆಲೆಗಿಂತ ಎಷ್ಟೋ ಪಟ್ಟು. ರೀಡರ್‌ನಾಗ ಕಾರ್ಡ್ ಕೈ ಸುಡೋಷ್ಟು ಬಿಸಿ ಆದ್ರ ಕೂಡಲೇ ಕೀಳ್ರಿ.

ಪ್ರಶ್ನೆ, ಇಂಡಿಯಿಂದ:
ನಂದು ಸಾದಾ ಪ್ರಶ್ನೆ. ಫೋಟೋ ಎಲ್ಲಾ ಕಾಪಿ ಮಾಡೀನಿ. ಫಾರ್ಮ್ಯಾಟ್ ಬಟನ್ನೇ ಸಿಗವಲ್ದು.

ಉತ್ತರ, ವಿಜಯಪುರ:
ಕಂಪನಿಗೊಂದು ಜಾಗದಾಗ ಇಟ್ಟಾರ. ಸಾಮಾನ್ಯ ಆಂಡ್ರಾಯ್ಡಿನ್ಯಾಗ ಸೆಟ್ಟಿಂಗ್ಸ್, ಸ್ಟೋರೇಜ್, ಎಸ್‌ಡಿ ಕಾರ್ಡ್, ಮ್ಯಾಲಿನ ಮೂರು ಚುಕ್ಕಿ, ಅದರಾಗ ಫಾರ್ಮ್ಯಾಟ್. ಸ್ಯಾಮ್‌ಸಂಗ್ ಇದ್ರ ಡಿವೈಸ್ ಕೇರ್ ಒಳಗ ಸ್ಟೋರೇಜ್. ಅಲ್ಲಿ ಮೂರು ಚುಕ್ಕಿ ಒತ್ತಿ ಅಡ್ವಾನ್ಸ್ಡ್ ಒಳಗ ಎಸ್‌ಡಿ ಕಾರ್ಡ್ ಹುಡುಕ್ರಿ. ಶಾವ್ಮಿ ಫೋನಿನ್ಯಾಗ ಅಬೌಟ್ ಫೋನ್ ಒಳಗ ಸ್ಟೋರೇಜ್ ಇಟ್ಟಿರ್ತಾರ. ಹುಡುಕಿ ಬ್ಯಾಸರಾದ್ರ ಸೆಟ್ಟಿಂಗ್ಸ್ ಮ್ಯಾಲಿನ ಹುಡುಕೋ ಡಬ್ಬಿಯೊಳಗ 'ಎಸ್‌ಡಿ' ಅಂತ ಟೈಪ್ ಮಾಡ್ರಿ, ಅದ ತೋರಸ್ತದ.

ಚಾರ್ಜ್ ಅರ್ಧಕ್ಕಿಂತ ಹೆಚ್ಚಿರಲಿ. ಕೆಲಸ ಒಂದ ನಿಮಿಷದ್ದು, ಆದ್ರ ನಡುವ ಟ್ರೇ ಎಳೀಬ್ಯಾಡ್ರಿ. ಮುಗದ ಮ್ಯಾಲ ಕಾರ್ಡ್ ತಗೀಬೇಕಾದ್ರ ಎಜೆಕ್ಟ್ ಇಲ್ಲಾ ಅನ್‌ಮೌಂಟ್ ಒತ್ತಿ ತಗೀರಿ. ಕಾರ್ಡ್ ಕರಪ್ಟ್ ಆಗೂದಕ್ಕ ಎಜೆಕ್ಟ್ ಮಾಡದ ಕಿತ್ತದ್ದು ಒಂದು ದೊಡ್ಡ ಕಾರಣ.

ಮತ್ತ ಒಂದು. ಕಾಪಿ ಮಾಡೀನಿ ಅಂದ್ರಲ್ಲ, ಗ್ಯಾಲರಿಯೊಳಗ ಕಂಡದ್ದನ್ನ ಅಷ್ಟ ಮಾಡೀರೇನು? ಕಾಲ್ ರೆಕಾರ್ಡ್, ಡೌನ್‌ಲೋಡ್ ಆದ ಪಹಣಿ, ಪಿಡಿಎಫ್ ಗ್ಯಾಲರಿಯೊಳಗ ಕಾಣಂಗಿಲ್ಲ. ಫೈಲ್ ಮ್ಯಾನೇಜರ್‌ನಿಂದ ಕಾರ್ಡ್ ತೆರದು ಒಂದೊಂದ ಫೋಲ್ಡರ್ ನೋಡ್ರಿ. ವಾಟ್ಸಾಪ್ ಚಿಂತಿ ಬ್ಯಾಡ. ಅದರ ಫೋಟೋ, ಚಾಟ್ ಬ್ಯಾಕಪ್ ಇರೋದು ಫೋನ್ ಮೆಮರಿಯೊಳಗ, ನೀವ ಕೈಯಾರ ಕಾರ್ಡಿಗೆ ಸರಿಸಿದ್ದಿದ್ರ ಮಾತ್ರ ನೋಡ್ಕೋಬೇಕು.

ಪ್ರಶ್ನೆ, ಮುಧೋಳದಿಂದ:
ಹೊಸಾ ಕಾರ್ಡ್ ಹಾಕಿದ ಕೂಡಲೇ ಪೋರ್ಟೆಬಲ್ ಬೇಕೋ, ಇಂಟರ್ನಲ್ ಬೇಕೋ ಅಂತ ಕೇಳತೈತಿ. ಫೋನ್ ಮೆಮರಿ 32 ಅಷ್ಟ ಐತಿ, ತುಂಬಿ ಹೋಗೇತಿ. ಇಂಟರ್ನಲ್ ಅಂದ್ರ ಫೋನ್ ಮೆಮರಿ ಹೆಚ್ಚಾಗತೈತಿ ಅಂತ ಗೆಳ್ಯಾ ಹೇಳ್ದ. ಖರೇನ?

ಉತ್ತರ, ವಿಜಯಪುರ:
ಖರೇ. ಆದ್ರ ಅದರ ಬೆಲೆ ಏನು ಅನ್ನೋದನ್ನ ಗೆಳ್ಯಾ ಹೇಳಿಲ್ಲ.

ಈ ಸೌಲಭ್ಯ 2015ರಾಗ ಆಂಡ್ರಾಯ್ಡ್ 6 ಜೊತಿ ಬಂತು. ಇಂಟರ್ನಲ್ ಅಂತ ಆರಿಸಿದ್ರ ಫೋನು ಕಾರ್ಡನ್ನ ಅಳಿಸಿ, ಪೂರ್ತಿ ಎನ್‌ಕ್ರಿಪ್ಟ್ ಮಾಡಿ, ಅಂದ್ರ ಗುಪ್ತಲಿಪಿಯ ಬೀಗ ಹಾಕಿ, ತನ್ನ ಮೆಮರಿ ಜೊತಿ ಸೇರಿಸ್ಕೋತದ. ಬೀಗದ ಕೈ ಇರೋದು ಆ ಫೋನಿನ ಹೊಟ್ಟ್ಯಾಗ. ಹಿಂಗಾಗಿ ಆ ಕಾರ್ಡ್ ಬ್ಯಾರೆ ಫೋನಿನ್ಯಾಗ, ಕಂಪ್ಯೂಟರಿನ್ಯಾಗ ಓದಂಗಿಲ್ಲ. ಫೋನ್ ನೀರಾಗ ಬಿತ್ತು, ಬೋರ್ಡ್ ಹೋತು, ಇಲ್ಲಾ ಫ್ಯಾಕ್ಟರಿ ರಿಸೆಟ್ ಹೊಡದ್ರಿ ಅಂದ್ರ ಬೀಗದ ಕೈಯೂ ಹೋತು. ಕಾರ್ಡ್ ಗಟ್ಟಿಮುಟ್ಟಾಗಿ ಕೈಯಾಗ ಇರ್ತದ, ಒಳಗಿನ ಒಂದು ಫೋಟೋ ಸಹಿತ ಹೊರಗ ಬರಂಗಿಲ್ಲ.

ಎರಡನೇದು ವೇಗ. ಆ್ಯಪ್‌ಗಳು ಸಣ್ಣ ಸಣ್ಣ ತುಂಡನ್ನ ಅಲ್ಲಿ ಇಲ್ಲಿ ಓದಿ ಬರೀತಾವ. ಕ್ಲಾಸ್ 10 ಅಂತ ಬರದದ್ದು ಒಂದೇ ಸಮ ಬರೆಯೋ ವೇಗ, ಸೆಕೆಂಡಿಗೆ ಕನಿಷ್ಠ 10 ಎಂಬಿ. ವಿಡಿಯೋಕ್ಕ ಅದು ಸಾಕು, ಆ್ಯಪ್‌ಗೆ ಅಲ್ಲ. ಆ್ಯಪ್ ಇಡಬೇಕಂದ್ರ ಕಾರ್ಡಿನ ಮ್ಯಾಲ ಎ1 ಇಲ್ಲಾ ಎ2 ಗುರುತು ನೋಡ್ರಿ. ಎ1 ಅಂದ್ರ ಸೆಕೆಂಡಿಗೆ ಕನಿಷ್ಠ 1500 ಸಲ ಓದೂದು, 500 ಸಲ ಬರೆಯೂದು. ಅದಿಲ್ಲದ ಕಾರ್ಡನ್ನ ಇಂಟರ್ನಲ್ ಮಾಡಿದ್ರ ಫೋನ್ ಎಮ್ಮಿ ಹಂಗ ನಡೀತದ.

ನಿಮಗ ಫೋಟೋ, ವಿಡಿಯೋ, ಹಾಡು ಇಡಾಕ ಬೇಕಂದ್ರ ಪೋರ್ಟೆಬಲ್ ಆರಿಸ್ರಿ, ಆಗ ಕಾರ್ಡ್ ಬ್ಯಾರೆನ ಉಳದು ಎಲ್ಲಿ ಹಾಕಿದ್ರೂ ಓದ್ತದ. ಸ್ಯಾಮ್‌ಸಂಗ್ ಫೋನಿನ್ಯಾಗ ಸಾಮಾನ್ಯವಾಗಿ ಈ ಪ್ರಶ್ನೆನ ಬರಂಗಿಲ್ಲ, ಕಾರ್ಡ್ ಯಾವಾಗಲೂ ಪೋರ್ಟೆಬಲ್.

ಮರುಪ್ರಶ್ನೆ, ಮುಧೋಳ:
ಮನ್ಯಾಗಿನ ಇನ್ನೊಂದ ಫೋನಿನ್ಯಾಗ ಮೊದಲ ಹಂಗ ಮಾಡಿ ಆಗೇತ್ರಿ. ಆ ಕಾರ್ಡ್ ತಗದು ಕಂಪ್ಯೂಟರಿಗೆ ಹಾಕಿದ್ರ 64 ಜಿಬಿ ಇದ್ದದ್ದು 16 ಎಂಬಿ ಅಂತ ತೋರಸ್ತೈತಿ!

ಉತ್ತರ, ಬೆಳಗಾವಿ:
ಕಾರ್ಡ್ ಕೆಟ್ಟಿಲ್ಲ, ಹೆದರಬ್ಯಾಡ್ರಿ. ಇಂಟರ್ನಲ್ ಮಾಡಿದಾಗ ಆಂಡ್ರಾಯ್ಡ್ ಕಾರ್ಡನ್ನ ಎರಡು ಪಾರ್ಟಿಶನ್ (ಭಾಗ) ಮಾಡತೈತಿ, ಒಂದು 16 ಎಂಬಿ, ಉಳದದ್ದೆಲ್ಲಾ ಇನ್ನೊಂದು. ವಿಂಡೋಸಿನ ಕಣ್ಣಿಗೆ ಸಣ್ಣದು ಅಷ್ಟ ಬಿದ್ದೈತಿ. ಅಲ್ಲಿ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಕೊಟ್ರ 16 ಎಂಬಿನ ಫಾರ್ಮ್ಯಾಟ್ ಆಕ್ಕೈತಿ, ನೂರು ಸಲ ಮಾಡಿದ್ರೂ ಅಷ್ಟ.

ಒಳಗಿನ ಡೇಟಾ ಬೇಕಂದ್ರ ಕಾರ್ಡನ್ನ ಅದ ಫೋನಿಗೆ ತಿರಗಿ ಹಾಕ್ರಿ. ಸ್ಟೋರೇಜ್ ಒಳಗ ಡೇಟಾವನ್ನ ಫೋನ್ ಮೆಮರಿಗೆ ಸಾಗಿಸೋ ಆಯ್ಕೆ ಐತಿ, ಅದನ್ನ ಮುಗಿಸಿ ಆಮ್ಯಾಲ ಕಾರ್ಡಿನ ಮೂರು ಚುಕ್ಕಿಯೊಳಗ 'ಪೋರ್ಟೆಬಲ್ ಆಗಿ ಫಾರ್ಮ್ಯಾಟ್' ಒತ್ರಿ. ಡೇಟಾ ಬ್ಯಾಡಂದ್ರ ಎಸ್‌ಡಿ ಅಸೋಸಿಯೇಶನ್ ಪುಕ್ಕಟೆ ಕೊಡೋ ಎಸ್‌ಡಿ ಮೆಮರಿ ಕಾರ್ಡ್ ಫಾರ್ಮ್ಯಾಟರ್ ಹಾಕ್ಕೋರಿ, ಅದು ಪೂರಾ ಕಾರ್ಡನ್ನ ಒಂದು ಮಾಡತೈತಿ. ವಿಂಡೋಸಿನ್ಯಾಗಿನ ಡಿಸ್ಕ್‌ಪಾರ್ಟ್ ಅನ್ನೋ ಸಾಧನದ ಕ್ಲೀನ್ ಕಮಾಂಡಿನಿಂದಲೂ ಆಕ್ಕೈತಿ, ಆದ್ರ ಡಿಸ್ಕ್ ನಂಬರ್ ಒಂದು ತಪ್ಪಿದ್ರ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಳದು ಹೊಕ್ಕೈತಿ. ರೂಢಿ ಇಲ್ಲದವ್ರು ಅದರ ತಂಟೆಕ್ಕ ಹೋಗಬ್ಯಾಡ್ರಿ.

ಪ್ರಶ್ನೆ, ಮಹಾಲಿಂಗಪುರದಿಂದ:
ಕಬ್ಬಿನ ಟ್ರ್ಯಾಕ್ಟರ್ ಐತ್ರಿ ನಮ್ದು. 64 ಜಿಬಿ ಕಾರ್ಡಿಗೆ ಫೋನಿನ್ಯಾಗ ಫಾರ್ಮ್ಯಾಟ್ ಹೊಡದು ಹಾಡು ತುಂಬಿದೆ. ಫೋನಿನ್ಯಾಗ ಹಾಡತೈತಿ, ಟ್ರ್ಯಾಕ್ಟರ್ ಸೆಟ್‌ನಾಗ ಎರರ್ ಅಂತೈತಿ. ಹಳೇ 16 ಜಿಬಿ ಕಾರ್ಡ್ ಹಾಕಿದ್ರ ಬರೋಬ್ಬರಿ ಹಾಡತೈತಿ.

ಉತ್ತರ, ವಿಜಯಪುರ:
ನಿಮ್ಮ ಸೆಟ್‌ಗೆ ಆ ಕಾರ್ಡಿನ ಭಾಷಾನ ತಿಳಿಯಂಗಿಲ್ಲ. 32 ಜಿಬಿ ತನಕ ಕಾರ್ಡ್ ಫ್ಯಾಟ್32 ಅನ್ನೋ ಪದ್ಧತಿಯೊಳಗ ಬರ್ತಾವ. ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್. ನಿಮ್ಮ ಫೋನು 64ರ ಕಾರ್ಡನ್ನ ನಿಯಮದ ಪ್ರಕಾರ ಎಕ್ಸ್‌ಫ್ಯಾಟ್ ಮಾಡ್ಯದ. ಟ್ರ್ಯಾಕ್ಟರ್ ಸೆಟ್, ಭಜನಿ ಪ್ಲೇಯರ್, ಬಟನ್ ಫೋನ್, ಇವೆಲ್ಲಾ ಬಹುತೇಕ ಫ್ಯಾಟ್32 ಅಷ್ಟ ಓದ್ತಾವ.

ಸಸ್ತಾ ದಾರಿ ಅಂದ್ರ 16 ಇಲ್ಲಾ 32ರ ಕಾರ್ಡ್ ಬಳಸ್ರಿ. ಸಾದಾ ಎಂಪಿ3 128 ಕೆಬಿಪಿಎಸ್‌ನಾಗ ನಿಮಿಷಕ್ಕ ಸುಮಾರು 1 ಎಂಬಿ. ಐದು ನಿಮಿಷದ ಹಾಡು ಅಂದ್ರ 32ರ ಕಾರ್ಡಿನ್ಯಾಗ 6,000 ಹಾಡು, ಅಂದ್ರ 500 ತಾಸು. ಕಾರ್ಖಾನಿ ಮುಂದ ಎಷ್ಟ ದೊಡ್ಡ ಪಾಳಿ ಹಚ್ಚಿದ್ರೂ ಇಷ್ಟು ತೀರಂಗಿಲ್ಲ.

64 ಬೇಕ ಬೇಕು ಅಂದ್ರ ಕಂಪ್ಯೂಟರಿನ್ಯಾಗ ರೂಫಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ತಗೋರಿ. ಬೂಟ್ ಆಯ್ಕೆಯೊಳಗ ನಾನ್ ಬೂಟೆಬಲ್, ಪಾರ್ಟಿಶನ್ ಎಂಬಿಆರ್, ಫೈಲ್ ಸಿಸ್ಟಮ್ ಲಾರ್ಜ್ ಫ್ಯಾಟ್32 ಇಟ್ಟು ಸ್ಟಾರ್ಟ್ ಒತ್ರಿ. ವಿಂಡೋಸಿನ ಸಾದಾ ಫಾರ್ಮ್ಯಾಟ್ ಕಿಟಕಿಯೊಳಗ 32 ಜಿಬಿ ಮ್ಯಾಲಿನದಕ್ಕ ಫ್ಯಾಟ್32 ಸಿಗಂಗಿಲ್ಲ, ಎಸ್‌ಡಿ ಫಾರ್ಮ್ಯಾಟರೂ ಅದನ್ನ ತಿರಗಿ ಎಕ್ಸ್‌ಫ್ಯಾಟ್‌ನ ಮಾಡ್ತದ. ಇಷ್ಟ ಮಾಡಿದ್ರೂ ಕೆಲವು ಸೆಟ್‌ಗೆ 32ಕ್ಕಿಂತ ದೊಡ್ಡ ಕಾರ್ಡ್ ಒಗ್ಗಂಗಿಲ್ಲ, ಆಗ ಸೆಟ್ ಬದಲಿಸೋದ ದಾರಿ.

ಕೇಳದಿದ್ರೂ ಹೇಳ್ತೀನಿ: ಸಸ್ತಾ ಸೆಟ್‌ಗಳು ಹಾಡನ್ನ ಹೆಸರಿನ ಪ್ರಕಾರ ಹಾಡಂಗಿಲ್ಲ, ಕಾರ್ಡಿಗೆ ಕಾಪಿ ಆದ ಪಾಳಿ ಪ್ರಕಾರ ಹಾಡ್ತಾವ. ಯಾವ ಹಾಡು ಮೊದಲ ಬರಬೇಕೋ ಅದನ್ನ ಮೊದಲ ಕಾಪಿ ಮಾಡ್ರಿ. ಬ್ಯಾಸಿಗ್ಯಾಗ ಡ್ಯಾಶ್‌ಬೋರ್ಡಿನ ಮ್ಯಾಲ ಬಿಸಿಲಿಗೆ ಕಾರ್ಡ್ ಬಿಟ್ಟು ಹೋಗಬ್ಯಾಡ್ರಿ.

ಪ್ರಶ್ನೆ, ಗೋಕಾಕದಿಂದ:
32 ಜಿಬಿ ಕಾರ್ಡಿನ್ಯಾಗ 20 ಜಿಬಿ ಖಾಲಿ ಐತಿ. 6 ಜಿಬಿ ಮದುವಿ ವಿಡಿಯೋ ಕಾಪಿ ಆಗವಲ್ದು. ಕಾರ್ಡ್ ಡುಪ್ಲಿಕೇಟ್ ಇರಬೇಕೇನ್ರಿ?

ಉತ್ತರ, ಬೆಳಗಾವಿ:
ಅಲ್ಲ. ಫ್ಯಾಟ್32ರಾಗ ಒಂದ ಫೈಲ್ 4 ಜಿಬಿ ಮುಟ್ಟಂಗಿಲ್ಲ, ಹೆಚ್ಚಂದ್ರ 4,29,49,67,295 ಬೈಟ್. ಜಾಗ ಎಷ್ಟ ಇದ್ರೂ ಸೈತ. ಕಂಪ್ಯೂಟರಿನ್ಯಾಗ ಎಕ್ಸ್‌ಫ್ಯಾಟ್ ಆರಿಸಿ ಫಾರ್ಮ್ಯಾಟ್ ಮಾಡಿದ್ರ ಕಾಪಿ ಆಕ್ಕೈತಿ. ನಿಮ್ಮ ಫೋನ್ ಭಾಳ ಹಳೇದಿದ್ರ ಎಕ್ಸ್‌ಫ್ಯಾಟ್ ಕಾರ್ಡನ್ನ ಅನ್‌ಸಪೋರ್ಟೆಡ್ ಅಂದೀತು. ಆಗ ವಿಡಿಯೋವನ್ನ ಎರಡು ತುಂಡು ಮಾಡೋದು ಛಲೋ.

ಪ್ರಶ್ನೆ, ಅಥಣಿಯಿಂದ:
ಫಾರ್ಮ್ಯಾಟ್ ಹೊಡೀತೀನಿ, ಆತು ಅಂತ ಬರತೈತಿ. ಫೋನ್ ಬಂದ್ ಮಾಡಿ ಚಾಲೂ ಮಾಡಿದ್ರ ಹಳೇ ಫೋಟೋ ಎಲ್ಲಾ ಮತ್ತ ಅಲ್ಲೇ. ದೆವ್ವ ಹೊಕ್ಕೈತೇನ ಅನಸ್ತೈತಿ.

ಉತ್ತರ, ವಿಜಯಪುರ:
ದೆವ್ವ ಅಲ್ಲ, ಕಾರ್ಡಿನ ಆಯುಷ್ಯ ಮುಗದದ. ಒಳಗಿನ ಫ್ಲ್ಯಾಶ್ (ಡೇಟಾ ಇಡೋ ಚಿಪ್) ಸವದಾಗ ಕಂಟ್ರೋಲರ್ ಬರೆಯೂದನ್ನ ಬಂದ್ ಮಾಡಿ ಓದಾಕ ಅಷ್ಟ ಬಿಡ್ತದ. ಫೋನು ಬರದೀನಿ ಅಂತ ತಿಳಕೋತದ, ಕಾರ್ಡ್ ಏನೂ ತಗೊಂಡಿರಂಗಿಲ್ಲ. ಇದಕ್ಕ ಸಾಫ್ಟ್‌ವೇರ್ ಮದ್ದು ಇಲ್ಲ. ಮೈಕ್ರೊ ಎಸ್‌ಡಿಗೆ ಲಾಕ್ ಗುಂಡಿ ಇರಂಗಿಲ್ಲ. ಕಂಪ್ಯೂಟರಿನ್ಯಾಗ ನೋಡೂ ಮುಂದ ದೊಡ್ಡ ಅಡಾಪ್ಟರ್ ಬಳಸಿದ್ರ ಅದರ ಬದಿಯ ಲಾಕ್ ಅಷ್ಟ ಸರಿಸಿ ನೋಡ್ರಿ. ಫೋಟೋ ಓದಾಕ ಬರೋದ್ರಾಗ ಕಾಪಿ ಮಾಡ್ಕೋರಿ, ಹೊಸಾ ಕಾರ್ಡ್ ತರ್ರಿ.

ಪ್ರಶ್ನೆ, ಸಿಂದಗಿಯಿಂದ:
ಸಂತಿಯೊಳಗ 512 ಜಿಬಿ ಕಾರ್ಡ್ ಭಾಳ ಅಗ್ಗ ಸಿಕ್ತು. ಫಾರ್ಮ್ಯಾಟ್ ಮಾಡಿದಾಗೆಲ್ಲಾ ಪೂರಾ 512 ತೋರಸ್ತದ, ಆದ್ರ ಸ್ವಲ್ಪ ತುಂಬಿದ ಮ್ಯಾಲ ಫೋಟೋ ಕಪ್ಪಗ ಬರ್ತಾವ.

ಉತ್ತರ, ವಿಜಯಪುರ:
ಫೋನು ಪೂರಾ 512 ತೋರಿಸಬಹುದು, ಆದ್ರ ವಿಂಡೋಸಿನ್ಯಾಗ ಪೂರಾ 512 ತೋರಿಸಿದ್ರ ಅದು ಅನುಮಾನಕ್ಕ ಒಂದು ಕಾರಣ. ಕಂಪನಿಗಳು ಜಿಬಿಯನ್ನ ನೂರು ಕೋಟಿ ಬೈಟ್ ಅಂತ ಹಿಡಿತಾರ, ವಿಂಡೋಸ್ 1024ರ ಲೆಕ್ಕದಾಗ ಹಿಡೀತದ. ಹಿಂಗಾಗಿ ಅಲ್ಲಿ 32 ಅಂದ್ರ 29.8, 64 ಅಂದ್ರ 59.6, 512 ಅಂದ್ರ 476ರ ಆಸುಪಾಸು ಕಾಣಬೇಕು. ಇಂಥಾ ಕಾರ್ಡಿನ ಒಳಗ 8 ಇಲ್ಲಾ 16 ಜಿಬಿ ಚಿಪ್ ಇಟ್ಟು, 512 ಅಂತ ಹೇಳಾಕ ಕಂಟ್ರೋಲರಿಗೆ ಕಲಿಸಿರ್ತಾರ. ಖರೇ ಜಾಗ ತುಂಬಿದ ಮ್ಯಾಲ ಬರದದ್ದು ಎಲ್ಲೂ ಉಳಿಯಂಗಿಲ್ಲ, ಇಲ್ಲಾ ಹಳೇದರ ಮ್ಯಾಲ ಬೀಳ್ತದ.

ಪಕ್ಕಾ ಮಾಡ್ಕೋಬೇಕಂದ್ರ ವಿಂಡೋಸಿನ್ಯಾಗ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಿನ್ಯಾಗ ಎಫ್3 ಅನ್ನೋ ತಪಾಸಣಿ ಸಾಫ್ಟ್‌ವೇರ್ ಓಡಸ್ರಿ. ಇಡೀ ಕಾರ್ಡ್ ತುಂಬಿಸಿ ತಿರಗಿ ಓದಿ ತಾಳೆ ನೋಡ್ತಾವ. ರಾತ್ರಿ ಹಚ್ಚಿ ಮುಂಜಾನೆ ನೋಡೋ ಕೆಲಸ. ಫಾರ್ಮ್ಯಾಟಿನಿಂದ ಇದು ಎಂದೂ ಸರಿ ಆಗಂಗಿಲ್ಲ.

ಪ್ರಶ್ನೆ, ಬೆಳಗಾವಿಯಿಂದ:
ಹಳೇ ಫೋನ್ ಕಾರ್ಡ್ ಸಮೇತ ಮಾರಾವ ಅದೇನಿ. ಫಾರ್ಮ್ಯಾಟ್ ಸಾಕೇನ್ರಿ?

ಉತ್ತರ, ವಿಜಯಪುರ:
ಸಾಕಾಗಂಗಿಲ್ಲ. ಫಾರ್ಮ್ಯಾಟ್ ಅಂದ್ರ ಪುಸ್ತಕದ ಪರಿವಿಡಿ ಹರದಂಗ, ಪುಟ ಅಲ್ಲೇ ಇರ್ತಾವ. ರಿಕವರಿ ಸಾಫ್ಟ್‌ವೇರ್ ಅವನ್ನ ತಗದು ಕೊಡ್ತದ.

ಉತ್ತರ, ಬೆಳಗಾವಿ:
ಈ ಮಾತಿಗೆ ಅರ್ಧ ಒಪ್ಪತೇನಿ. ಕೆಲವು ಫೋನು ಫಾರ್ಮ್ಯಾಟ್ ಮುಂದ ಇಡೀ ಕಾರ್ಡಿಗೆ ಅಳಿಸೋ ಆದೇಶ ಕಳಸ್ತಾವ, ಕಾರ್ಡ್ ಅದನ್ನ ಪಾಲಿಸಿದ್ರ ಆಮ್ಯಾಲ ಬರೇ ಸೊನ್ನೆ ಸಿಗತಾವ. ನಿಮ್ಮ ಕಾರ್ಡ್ ಪಾಲಸ್ತೈತೋ ಇಲ್ಲೋ ಹೊರಗಿನಿಂದ ತಿಳಿಯಂಗಿಲ್ಲ. ಅದಕ ಎರಡೂ ಕಡೆ ನಂಬಬ್ಯಾಡ್ರಿ: ತಪ್ಪಿ ಹೊಡದ ಫಾರ್ಮ್ಯಾಟ್ ತಿರಗಿ ಬರತೈತಿ ಅಂತಲೂ ಬ್ಯಾಡ, ಮಾರೂ ಮುಂದ ಪೂರ್ತಿ ಹೋಗೇತಿ ಅಂತಲೂ ಬ್ಯಾಡ. ಎಸ್‌ಡಿ ಫಾರ್ಮ್ಯಾಟರಿನ್ಯಾಗ ಓವರ್‌ರೈಟ್ ಆಯ್ಕೆ ಹಚ್ರಿ, ತಾಸುಗಟ್ಟಲೆ ಹಿಡದ್ರೂ ಬಿಡ್ರಿ. ಇಲ್ಲಾಂದ್ರ ಕಾರ್ಡ್ ನೀವ ಇಟ್ಕೊಂಡು ಫೋನ್ ಅಷ್ಟ ಮಾರ್ರಿ.

ಕಾರ್ಡ್ ಇಟ್ಕೊಳ್ಳೋದಾದ್ರ, ಫೋನ್ ಸ್ಯಾಮ್‌ಸಂಗ್ ಇದ್ದು ಸೆಕ್ಯೂರಿಟಿ ಸೆಟ್ಟಿಂಗಿನ್ಯಾಗ 'ಎಸ್‌ಡಿ ಕಾರ್ಡ್ ಎನ್‌ಕ್ರಿಪ್ಟ್' ಹಚ್ಚೀರೇನ ನೋಡ್ರಿ. ಹಚ್ಚಿದ್ರ ಮೊದಲ ಡಿಕ್ರಿಪ್ಟ್ ಮಾಡಿ, ಆಮ್ಯಾಲ ಫ್ಯಾಕ್ಟರಿ ರಿಸೆಟ್. ತಿರುವು ಮುರುವು ಆದ್ರ ಕಾರ್ಡಿನ ಫೋಟೋ ಮುಧೋಳದವ್ರಿಗೆ ಹೇಳಿದ ಬೀಗದ ಕೈ ಹಂಗ ಹೊಕ್ಕಾವ.