ಸಹಾಯ ಬೇಕು: ಬೀದರ್‌ನಲ್ಲಿ ಸುಣ್ಣದ ಗಾರೆ ಕೆಲಸ ಬಲ್ಲ ಮೇಸ್ತ್ರಿ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಬೀದರ್ ಹಳೇ ಊರಿನಲ್ಲಿ, ಮಹಮೂದ್ ಗವಾನ್ ಮದರಸಾ ಹತ್ತಿರವೇ ನಮ್ಮ ಅಜ್ಜನ ಕಾಲದ ಮನೆ ಇದೆ, ಗೋಡೆಯೆಲ್ಲ ಕೆಂಪು ಜಂಬಿಟ್ಟಿಗೆ ಕಲ್ಲು. ಹಿಂದೆ ಯಾರೋ ಮೇಲೆ ಸಿಮೆಂಟ್ ಬಳಿಸಿದ್ದಾರೆ, ಈಗ ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಬಿಳಿ ಉಪ್ಪು ಎದ್ದು, ಕೈಯಿಟ್ಟರೆ ಕಲ್ಲು ಪುಡಿಪುಡಿಯಾಗಿ ಉದುರುತ್ತಿದೆ. ಕೆಡವಿ ಆರ್‌ಸಿಸಿ ಕಟ್ಟಿ ಅನ್ನುವವರೇ ಜಾಸ್ತಿ. ನನಗೆ ಮನಸ್ಸಿಲ್ಲ. ಹಳೇ ಕಟ್ಟಡಗಳನ್ನು ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ 2004ರ ಚಾರ್ಟರ್ (ಮಾರ್ಗಸೂಚಿ) ಕೂಡ ಸ್ಥಳೀಯ ಸಾಮಗ್ರಿ, ಊರಿನ ಕುಶಲಕರ್ಮಿಗಳಿಗೇ ಒತ್ತು ಕೊಡುತ್ತದೆ ಅಲ್ವಾ?

ಸಿಮೆಂಟ್ ಕಿತ್ತು ಸುಣ್ಣದ ಗಾರೆ ಹಾಕಬಲ್ಲ ಮೇಸ್ತ್ರಿ ಬೀದರ್, ಕಲಬುರಗಿ ಕಡೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಇನ್ನೊಂದು ವಿಷಯ, ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಆ ಅರ್ಜಿ ಜೊತೆ ಏನೇನು ಕಾಗದ ಕೊಡಬೇಕು, ಮಾಡಿಸಿದವರು ಹೇಳಿ.