ಸಹಾಯ ಬೇಕು: ಫೈಲ್ ಸರ್ವರ್ ಆಡಿಟ್‌ನಲ್ಲಿ ನಿಜವಾದ ಡಿಲೀಟ್ ಗುರುತಿಸುವುದು ಹೇಗೆ?

ನಮಸ್ಕಾರ. ವಿಂಡೋಸ್ ಸರ್ವರ್ 2019, ಅಕೌಂಟ್ಸ್ ವಿಭಾಗದ ಶೇರ್ (ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್). ಯಾರು ಯಾವ ಫೈಲ್ ಅಳಿಸಿದರು ಎಂಬುದು ಲಾಗ್‌ನಲ್ಲಿ ಸಿಗಬೇಕು. ಅಡ್ವಾನ್ಸ್ಡ್ ಆಡಿಟ್ ಪಾಲಿಸಿಯಲ್ಲಿ ‘ಫೈಲ್ ಸಿಸ್ಟಮ್’ ಸಕ್ಸೆಸ್ ಆನ್ ಇದೆ. ಫೋಲ್ಡರ್‌ನ ಆಡಿಟಿಂಗ್ ಟ್ಯಾಬ್‌ನಲ್ಲಿ ಎವ್ರಿವನ್‌ಗೆ ಡಿಲೀಟ್ ಸಂಬಂಧಿ ಎರಡೇ ಟಿಕ್. ರೀಡ್ ಹಾಕಿದರೆ ಲಾಗ್ ತುಂಬಿ ಹರಿಯುತ್ತದೆ. ಸೆಕ್ಯುರಿಟಿ ಲಾಗ್‌ನ ಡೀಫಾಲ್ಟ್ 20 ಎಂಬಿ ಯಾವ ಮೂಲೆಗೂ ಸಾಲದು, 4 ಜಿಬಿಗೆ ಏರಿಸಿದ್ದೇವೆ.

ತೊಂದರೆ ಏನೆಂದರೆ, ಎಕ್ಸೆಲ್‌ನಲ್ಲಿ ಬರೀ ಸೇವ್ ಒತ್ತಿದರೂ ‘ಡಿಲೀಟ್’ ಎಂದು ಇವೆಂಟ್ 4663 (ಫೈಲ್ ಮೇಲೆ ಒಂದು ಹಕ್ಕು ಬಳಸಲಾಯಿತು ಎಂಬ ದಾಖಲೆ) ಬೀಳುತ್ತದೆ. ಎಕ್ಸೆಲ್ ಹೊಸ ಪ್ರತಿಯನ್ನು ತಾತ್ಕಾಲಿಕ ಫೈಲಿಗೆ ಬರೆದು, ಹಳೆಯದರ ಹೆಸರು ಬದಲಿಸಿ, ಆಮೇಲೆ ಅದನ್ನು ಅಳಿಸುತ್ತದೆ. ಹೆಸರು ಬದಲಿಸಲಿಕ್ಕೂ ಡಿಲೀಟ್ ಹಕ್ಕೇ ಬೇಕಲ್ಲ. ನಿಜವಾಗಿ ಅಳಿಸಿದಾಗ 4660 ಬರುತ್ತದೆ, ಆದರೆ ಅದರಲ್ಲಿ ಫೈಲ್ ಹೆಸರೇ ಇರುವುದಿಲ್ಲ! ಹ್ಯಾಂಡಲ್ ಐಡಿ (ಫೈಲ್ ತೆರೆದಾಗ ವಿಂಡೋಸ್ ಕೊಡುವ ತಾತ್ಕಾಲಿಕ ಸಂಖ್ಯೆ) ಹಿಡಿದು 4663ಕ್ಕೆ ಜೋಡಿಸೋಣವೆಂದರೆ ಅದೇ ಐಡಿ ಆಮೇಲೆ ಬೇರೆ ಫೈಲಿಗೂ ಬರುತ್ತದೆ. ಶೇರ್ ಮೂಲಕ ಬಂದದ್ದಕ್ಕೆ ಪ್ರೊಸೆಸ್ ಐಡಿ 4 (ವಿಂಡೋಸ್‌ನದೇ ಸಿಸ್ಟಮ್ ಪ್ರೊಸೆಸ್) ಎಂದೇ ತೋರಿಸುವುದರಿಂದ ಅದೂ ಉಪಯೋಗಕ್ಕಿಲ್ಲ.

ಎರಡು ಇವೆಂಟ್ ಜೋಡಿಸಲು ನೀವು ಎಷ್ಟು ಸೆಕೆಂಡ್ ಅಂತರ ಇಟ್ಟಿದ್ದೀರಿ? ಅಳಿಸಿದವರ ಐಪಿ ವಿಳಾಸಕ್ಕೆ 4624ರ (ಲಾಗಾನ್ ಆದ ದಾಖಲೆ) ಲಾಗಾನ್ ಐಡಿ ಸಾಕೇ, ಇಲ್ಲಾ 5145 (ಶೇರ್‌ನ ಪ್ರತಿ ಫೈಲ್ ಪ್ರವೇಶದ ದಾಖಲೆ) ಆನ್ ಮಾಡಲೇಬೇಕೇ? ಅದನ್ನು ಆನ್ ಮಾಡಿದರೆ ಲಾಗ್‌ಗೆ ದೇವರೇ ಗತಿ. ಸ್ಕ್ರಿಪ್ಟ್ ಇದ್ದವರು ಫಿಲ್ಟರ್ ಭಾಗವನ್ನಷ್ಟೇ ಹಾಕಿದರೂ ಸಾಕು.